ಬಲೆ ಬೇಡ, ಮುಖ ಮುಳುಗಿಸಿದರೆ ಸಾಕು

ಪ್ರಶ್ನೆ: ನೇತ್ರಾಣಿ ದ್ವೀಪದಲ್ಲಿ ಸ್ನಾರ್ಕೆಲಿಂಗ್ (ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ಮುಖ ಮುಳುಗಿಸಿ ನೀರೊಳಗೆ ನೋಡುವುದು) ಮಾಡಿ ಬಂದಾಗಿನಿಂದ ನಮಗೆ ಐದು ಜನ ಗೆಳತಿಯರಿಗೆ ಒಂದೇ ಆಸೆ. ಶಾಲ್ಮಲೆಗೆ ಸೇರುವ ನಮ್ಮೂರ ಹಳ್ಳದಲ್ಲೂ ಹೀಗೇ ಮೀನು ಎಣಿಸಿದರೆ ಉಪಯೋಗ ಇದೆಯಾ? ಬಲೆ ಹಾಕದ ಲೆಕ್ಕವನ್ನು ಯಾರಾದರೂ ನಂಬ್ತಾರಾ?
– ಓದುಗರು, ಶಿರಸಿ

ಉತ್ತರ: ನಂಬುತ್ತಾರೆ. ಅಮೆರಿಕ, ಕೆನಡಾದ ನದಿಗಳಲ್ಲಿ ಸಾಲ್ಮನ್, ಟ್ರೌಟ್ ಮೀನುಗಳನ್ನು ಹೀಗೇ ಎಣಿಸುತ್ತಾರೆ. ಎಷ್ಟೋ ಕಡೆ ತರಬೇತಿ ಪಡೆದ ಸ್ವಯಂಸೇವಕರೇ ನೀರಿಗೆ ಇಳಿಯುತ್ತಾರೆ. ಒಂದು ಮೀನನ್ನೂ ಮುಟ್ಟಬೇಕಿಲ್ಲ ಅನ್ನೋದೇ ನನಗೆ ಇದರಲ್ಲಿ ಇಷ್ಟವಾದ ಸಂಗತಿ.

ಹಳ್ಳದಲ್ಲಿ ಹರಿವಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತೆವಳಿಕೊಂಡು ಹೋಗಿ. ಮೀನು ಸಾಮಾನ್ಯವಾಗಿ ಹರಿವಿಗೆ ಮುಖ ಮಾಡಿ ನಿಂತಿರುತ್ತದೆ, ಹಿಂದಿನಿಂದ ಬರುವ ನಿಮಗೆ ಬೇಗ ಬೆದರುವುದಿಲ್ಲ, ನೀವು ಕದಡಿದ ಕೆಸರೂ ನಿಮ್ಮ ಹಿಂದಕ್ಕೇ ಹರಿದು ಹೋಗುತ್ತದೆ. ನಿಮ್ಮನ್ನು ದಾಟಿ ಹಿಂದೆ ಹೋದ ಮೀನನ್ನು ಮಾತ್ರ ಎಣಿಸಿ. ಮುಂದೆ ಓಡಿದ್ದು ಮತ್ತೆ ಎದುರಾಗುತ್ತದೆ, ಎರಡು ಸಲ ಲೆಕ್ಕಕ್ಕೆ ಬರಬಾರದು ಅಲ್ವಾ? ಪ್ಲಾಸ್ಟಿಕ್ ಹಲಗೆ ಮೇಲೆ ಪೆನ್ಸಿಲ್‌ನಲ್ಲಿ ನೀರೊಳಗೇ ಬರೆಯಬಹುದು. ಮಾಸ್ಕ್ ಹಾಕಿ ನೋಡಿದರೆ ಎಲ್ಲವೂ ಮೂರನೇ ಒಂದು ಪಾಲಿನಷ್ಟು ದೊಡ್ಡದಾಗಿ ಕಾಣುತ್ತದೆ. ಒಂದು ಗೇಣು ಕಂಡ ಮೀನು ನಿಜಕ್ಕೂ ಮುಕ್ಕಾಲು ಗೇಣು.

ಮಳೆಗಾಲದ ಕೆಂಪು ನೀರಲ್ಲಿ ಏನೂ ಕಾಣದು. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ಒಳಗೆ, ಬಿಸಿಲು ನೀರಿಗೆ ಇಳಿದಾಗ.

ಕಲ್ಲಿನಡಿ ಅಡಗಿ ರಾತ್ರಿ ಹೊರಬರುವ ಹಾವುಮೀನು, ಮೀಸೆಮೀನು ನಿಮ್ಮ ಲೆಕ್ಕಕ್ಕೆ ಸಿಗುವುದು ಕಡಿಮೆ. ಹಾಗಾಗಿ ನಿಮ್ಮ ಅಂಕಿ ಹಳ್ಳದ ಒಟ್ಟು ಮೀನು ಅಲ್ಲ. ಅದೇ ಗುಂಡಿ, ಅದೇ ತಿಂಗಳು, ಅದೇ ರೀತಿ ಪ್ರತಿ ವರ್ಷ ಎಣಿಸಿದಾಗ ಮಾತ್ರ ಅದಕ್ಕೆ ಬೆಲೆ. ಒಂದೂ ಕಾಣದಿದ್ದರೆ ಸೊನ್ನೆ ಅಂತಲೇ ಬರೆಯಿರಿ, ಬಿಡಬೇಡಿ. ನಮ್ಮೂರ ಹೊಳೆಗುಂಡಿಗೆ ಒಂದು ಬೇಸಿಗೆಯಲ್ಲಿ ಯಾರೋ ಬ್ಲೀಚಿಂಗ್ ಪುಡಿ ಸುರಿದಿದ್ದರು. ಸತ್ತ ಮೀನು ತೇಲಿದ್ದನ್ನು ಇಡೀ ಊರು ನೋಡಿತು. ಮೊದಲು ಎಷ್ಟಿದ್ದವು, ಎಷ್ಟು ವರ್ಷಕ್ಕೆ ವಾಪಸ್ ಬಂದವು ಅಂತ ಹೇಳೋಕೆ ಯಾರ ಹತ್ತಿರವೂ ಒಂದು ಅಂಕಿ ಇರಲಿಲ್ಲ. ಆ ಬೇಜಾರು ನನಗೆ ಇನ್ನೂ ಹೋಗಿಲ್ಲ.

ಮೀನಿನ ಹೆಸರು ಗೊತ್ತಿಲ್ಲದಿದ್ದರೆ ಗಾಳ ಹಾಕುವ ಹಿರಿಯರನ್ನು ಕೇಳಿ, ಅವರು ಹೇಳಿದ ಹೆಸರನ್ನೇ ಫೋಟೋ ಜೊತೆ ಬರೆದಿಡಿ. ಮರಳಲ್ಲಿ ದುಂಡನೆ ಗುಳಿಗಳು ಕಂಡರೆ ಅಲ್ಲಿ ಸ್ವಲ್ಪ ಕಾಯಿರಿ, ಹೊರಗಿನಿಂದ ಬಂದ ತಿಲಾಪಿಯದ ಗೂಡು ಇರಬಹುದು.

ಒಬ್ಬರು ದಡದಲ್ಲೇ ಇರಲಿ. ಕಾಲಲ್ಲಿ ಗಾಯ ಇದ್ದರೆ ಇಳಿಯಬೇಡಿ, ಇಲಿ ಜ್ವರದ ಭಯ ಇದೆ. ಕಾಡಿನೊಳಗಿನ ಹಳ್ಳವಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಿರಿ. ಹುಮ್ಮಸ್ಸಲ್ಲಿ ದಾಂಡೇಲಿಯ ಕಾಳಿ ನದಿಗೆ ಮಾತ್ರ ಹೋಗಬೇಡಿ, ಅಲ್ಲಿ ಮೊಸಳೆಗಳಿವೆ. ಕದ್ರಾ, ಗೇರುಸೊಪ್ಪದಂಥ ಅಣೆಕಟ್ಟಿನ ಕೆಳಗೂ ಬೇಡ, ನೀರು ದಿಢೀರ್ ಏರುತ್ತದೆ.

ಪ್ರಶ್ನೆ: ಅಘನಾಶಿನಿ ಅಳಿವೆಯಲ್ಲೂ ಹೀಗೆ ಎಣಿಸಬಹುದಾ?
– ಓದುಗರು, ಕುಮಟಾ

ಉತ್ತರ: ಅಲ್ಲಿ ಆಗೋದು ಕಷ್ಟ. ಭರತ-ಇಳಿತಕ್ಕೆ ಕೆಸರು ಕದಡುತ್ತಲೇ ಇರುತ್ತದೆ, ಚಾಚಿದ ಕೈಯೇ ಸರಿಯಾಗಿ ಕಾಣದು. ಅದರ ಬದಲು ದಡಕ್ಕೆ ಬಂದ ಬುಟ್ಟಿಗಳ ಹತ್ತಿರ ಕೂತು, ಯಾವ ಮೀನು ಎಷ್ಟು ಬಂತು, ಯಾವ ಬಲೆಗೆ ಬಂತು ಅಂತ ಕೇಳಿ ಬರೆದಿಡಿ.