ಈ ಏರಿಯಾದಲ್ಲಿ ಯಾರಿಗೆ ಮನೆ ಕೊಡಲ್ಲ?

ಓದುಗರ ಪತ್ರ: ನಮ್ಮವರಿಗೆ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕೆಲಸ ಸಿಕ್ಕಿದೆ. ಶಾಲೆ ಶುರುವಾಗುವುದರೊಳಗೆ ಅಲ್ಲಿಗೆ ಬರಬೇಕು. ಮಗಳು ನಾಲ್ಕನೇ ಕ್ಲಾಸಿಗೆ, ಮಗನಿಗೆ ನಾಲ್ಕು ವರ್ಷ. ಅತ್ತೆಯೂ ಜೊತೆಗೆ ಬರುತ್ತಾರೆ. ಇಲ್ಲಿ ವಿಜಯಪುರದ ನಮ್ಮ ಓಣಿಯಲ್ಲಿ ಎಲ್ಲ ಥರದವರೂ ಇದ್ದಾರೆ. ರಂಜಾನ್‌ಗೆ ಸುರಕುಂಬಾ ಮನೆಗೆ ಬರುತ್ತದೆ, ಸಂಕ್ರಾಂತಿಗೆ ನಾವು ಕುಸುರೆಳ್ಳು ಕೊಟ್ಟು ಬರುತ್ತೇವೆ. ಮಕ್ಕಳು ಹೀಗೇ ಬೆಳೆಯಲಿ ಅಂತ ಆಸೆ. ಆಫೀಸಿನವರು ಪಕ್ಕದ ದೊಡ್ಡ ಅಪಾರ್ಟ್‌ಮೆಂಟ್ ತಗೊಳ್ಳಿ, ‘ಅಲ್ಲಿ ಇಡೀ ಇಂಡಿಯಾ ಇದೆ’ ಅಂತಾರೆ. ಯಾವ ಏರಿಯಾ ನೋಡಲಿ? — ವಿಜಯಪುರದ ಓದುಗರು (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ನಮಸ್ಕಾರ ತಾಯಿ. ಮೊದಲೇ ಹೇಳಿಬಿಡುತ್ತೇನೆ, ಆ ಅಪಾರ್ಟ್‌ಮೆಂಟ್ ಈಗಲೇ ಬೇಡ.

ಅಲ್ಲಿ ಇಡೀ ಇಂಡಿಯಾ ಇರುವುದು ನಿಜವೇ. ಒಂದು ಟವರ್‌ನಲ್ಲಿ ಬಂಗಾಳಿ, ಮಲಯಾಳಿ, ಪಂಜಾಬಿ, ತೆಲುಗು ಎಲ್ಲ ಸಿಗುತ್ತಾರೆ. ಆದರೆ ಎಲ್ಲರ ಸಂಬಳ ಹೆಚ್ಚುಕಡಿಮೆ ಒಂದೇ, ಮಕ್ಕಳ ಶಾಲೆಯೂ ಒಂದೇ ಥರದ್ದು. ಕೆಲಸದವರಿಗೆ ಬೇರೆ ಲಿಫ್ಟ್ ಇಟ್ಟಿರುವ ಕಡೆಗಳೂ ಇವೆ. ನಿಮ್ಮ ಓಣಿಯಲ್ಲಿ ಟೇಲರ್ ಮಗ, ಮೇಷ್ಟ್ರ ಮಗಳು, ಹಾಲಿನವನ ಮೊಮ್ಮಗ ಒಂದೇ ಬಾಲಿಗೆ ಓಡುತ್ತಾರಲ್ವಾ? ಅದು ಅಲ್ಲಿ ಸಿಗುವುದಿಲ್ಲ. ವೈಟ್‌ಫೀಲ್ಡ್ ಶುರುವಾದದ್ದೂ ಒಂದೇ ಸಮುದಾಯಕ್ಕಾಗಿ. 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಡಿ.ಎಸ್. ವೈಟ್ ಎಂಬುವರು ಆಂಗ್ಲೋ-ಇಂಡಿಯನ್ನರಿಗಾಗಿ ಕಟ್ಟಿಸಲು ಹೊರಟ ಊರು ಅದು. ಈಗ ಐಟಿಯವರ ಊರು.

ಒಂದು ಏರಿಯಾ ಬೆರಕೆ ಆಗುವುದು ಬಿಲ್ಡರ್ ಜಾಹೀರಾತಿನಿಂದಲ್ಲ. ಯಾರು ಯಾವ ಕೆಲಸಕ್ಕೆ ಬಂದರು, ಬಂದವರಿಗೆ ಮನೆ ಯಾರು ಕೊಟ್ಟರು ಅನ್ನುವುದು ಮುಖ್ಯ. ಬೆಂಗಳೂರಿನಲ್ಲಿ ಇದಕ್ಕೆ ಎರಡು ಹಳೇ ದಾರಿಗಳಿವೆ. ಒಂದು, 1809ರಿಂದ ಬೆಳೆದ ಕಂಟೋನ್ಮೆಂಟ್, ಅಂದರೆ ಬ್ರಿಟಿಷರ ದಂಡು ಇದ್ದ ಭಾಗ. ದಂಡಿನ ಹಿಂದೆ ತಮಿಳು ಕೂಲಿಗಳು, ದಖನಿ ಮುಸ್ಲಿಮರು, ಆಂಗ್ಲೋ-ಇಂಡಿಯನ್ನರು, ವ್ಯಾಪಾರಿಗಳು ಬಂದರು. 1898ರ ಪ್ಲೇಗಿನ ನಂತರ ಊರು ಹೊರಗೆ ಚಾಚಿತು. ಹಳೇ ಪೇಟೆ ಕಡೆ ಬಸವನಗುಡಿ, ಮಲ್ಲೇಶ್ವರ ಆದವು, ಕಂಟೋನ್ಮೆಂಟ್ ಕಡೆ ಫ್ರೇಜರ್ ಟೌನ್. ಕಾಕ್ಸ್ ಟೌನ್, ಕುಕ್ ಟೌನ್ ಅದರ ನೆರೆಹೊರೆ. ಇಲ್ಲಿ ಚರ್ಚು, ಮಸೀದಿ, ಮಾರಿಯಮ್ಮನ ಗುಡಿ ನಡೆದು ಹೋಗುವಷ್ಟು ಹತ್ತಿರ. ರಂಜಾನ್ ಸಂಜೆ ಫ್ರೇಜರ್ ಟೌನ್‌ನ ಮಾಸ್ಕ್ ರೋಡಿಗೆ (ಮಸೀದಿ ರಸ್ತೆಗೆ) ಬಂದರೆ ನಿಮ್ಮ ಮಗಳಿಗೆ ವಿಜಯಪುರ ನೆನಪಾಗುತ್ತದೆ.

ಎರಡನೇ ದಾರಿ ಸರ್ಕಾರಿ ಕಾರ್ಖಾನೆಗಳು. 1940ರಲ್ಲಿ ವಿಮಾನದ ಎಚ್‌ಎಎಲ್, 1948ರಲ್ಲಿ ಟೆಲಿಫೋನಿನ ಐಟಿಐ, 1953ರಲ್ಲಿ ಯಂತ್ರಗಳ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್. ಫಿಟ್ಟರ್, ಟರ್ನರ್, ಎಂಜಿನಿಯರ್ ಅಂತ ನಾನಾ ಕಡೆಯಿಂದ ಜನ ಬಂದರು. ಕ್ವಾರ್ಟರ್ಸ್ ಹಂಚಿದ್ದು ನೌಕರಿಯ ಗ್ರೇಡ್ ನೋಡಿ, ಜಾತಿ ನೋಡಿ ಅಲ್ಲ. ರಿಟೈರ್ ಆದವರು ಅಲ್ಲೇ ಸುತ್ತಮುತ್ತ ಸೈಟ್ ತಗೊಂಡು ಮನೆ ಕಟ್ಟಿದರು. ಜಾಲಹಳ್ಳಿ, ದೂರವಾಣಿನಗರ, ವಿಮಾನಪುರ, ಸಿ.ವಿ. ರಾಮನ್ ನಗರ, ನ್ಯೂ ತಿಪ್ಪಸಂದ್ರ ಇವೆಲ್ಲ ಹಾಗೆ ತುಂಬಿದ ಜಾಗಗಳು. ಜಾಲಹಳ್ಳಿಯ ಅಯ್ಯಪ್ಪ ದೇವಸ್ಥಾನ ಇಡೀ ಊರಿಗೆ ಹೆಸರುವಾಸಿ ಆದದ್ದು ಸುಮ್ನೆ ಅಲ್ಲ, ಹಾಗೆ ಬಂದವರಲ್ಲಿ ಕೇರಳದವರೂ ಇದ್ದರು.

ನಿಮ್ಮ ಲೆಕ್ಕಕ್ಕೆ ನಾನು ಈ ಎರಡನೇ ಗುಂಪನ್ನೇ ಹೇಳುವುದು. ನ್ಯೂ ತಿಪ್ಪಸಂದ್ರ, ಸಿ.ವಿ. ರಾಮನ್ ನಗರ, ಮಲ್ಲೇಶಪಾಳ್ಯ, ಸ್ವಲ್ಪ ಆಚೆಗೆ ದೂರವಾಣಿನಗರ. ಕಾರಣ ಮೆಟ್ರೋ. ನೇರಳೆ ಲೈನು 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡ್ ತನಕ ತಡೆಯಿಲ್ಲದೆ ಓಡುತ್ತಿದೆ. ಬೈಯಪ್ಪನಹಳ್ಳಿಯಲ್ಲಿ ಹತ್ತಿದರೆ ಅರ್ಧ ಗಂಟೆ ಆಸುಪಾಸಿನಲ್ಲಿ ನಿಮ್ಮವರು ಇಳಿಯುತ್ತಾರೆ. ಇನ್ನೊಂದು ಮಾತು, ಬ್ರೋಕರ್ ‘ಇಲ್ಲೇ ಮೆಟ್ರೋ ಬರುತ್ತೆ ಮೇಡಂ’ ಅಂದರೆ ತಲೆಯಾಡಿಸಿ ಮುಂದೆ ಹೋಗಿ. ಓಡುತ್ತಿರುವ ಮೆಟ್ರೋ ಮಾತ್ರ ಲೆಕ್ಕಕ್ಕೆ.

ಫ್ರೇಜರ್ ಟೌನ್ ಕಡೆ ಬಾಡಿಗೆ ಕೈ ಕಚ್ಚಬಹುದು, ವೈಟ್‌ಫೀಲ್ಡ್‌ಗೂ ದೂರ. ಜೊತೆಗೆ ಹೆಸರು ಎತ್ತಿದರೆ ನೆಂಟರು 2020ರ ಆಗಸ್ಟ್ ಗಲಭೆ ತೆಗೆಯುತ್ತಾರೆ. ಅದು ಹೊತ್ತಿಕೊಂಡದ್ದು ಪಕ್ಕದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಸುತ್ತ. ಅದೇ ರಾತ್ರಿ ಅಲ್ಲಿನ ಒಂದು ದೇವಸ್ಥಾನದ ಸುತ್ತ ಮುಸ್ಲಿಂ ಹುಡುಗರು ಕೈ ಕೈ ಹಿಡಿದು ಕಾವಲು ನಿಂತದ್ದೂ ಸುದ್ದಿಯಾಗಿತ್ತು. ನೆಂಟರಿಗೆ ಅದನ್ನೂ ಹೇಳಿ.

ಇನ್ನು ಮನೆ ಹುಡುಕುವ ವಿಷಯ. ಬ್ರೋಕರ್ ಹತ್ತಿರ ಎಲ್ಲರೂ ‘ಇಲ್ಲಿ ಎಂಥ ಜನ ಇದ್ದಾರೆ?’ ಅಂತ ಕೇಳುತ್ತಾರೆ. ಅದಕ್ಕೆ ‘ಡೀಸೆಂಟ್ ಫ್ಯಾಮಿಲಿಗಳು’ ಅನ್ನುವ ಉತ್ತರ ರೆಡಿ ಇರುತ್ತದೆ. ನೀವು ತಿರುಗಿಸಿ ಕೇಳಿ, ‘ಇಲ್ಲಿ ಯಾರಿಗೆ ಮನೆ ಕೊಡಲ್ಲ?’ ಆಗ ನಿಜ ಹೊರಬೀಳುತ್ತದೆ. ‘ಆ ಮೂರು ಕ್ರಾಸ್‌ನಲ್ಲಿ ವೆಜ್ ಮಾತ್ರ ಮೇಡಂ.’ ‘ಆ ಓನರ್ ಹೆಸರು ನೋಡಿ ಕೊಡೋದು.’ ‘ಬ್ಯಾಚುಲರ್ಸ್‌ಗೆ ಇಲ್ಲ.’ ನಮ್ಮ ಕಚೇರಿಯ ಒಬ್ಬ ಹುಡುಗ ಹೋದ ವರ್ಷ ಮನೆ ನೋಡಿ, ಬಾಡಿಗೆ ಒಪ್ಪಿ, ಟೋಕನ್ ಕೊಡಲು ಫೋನ್ ತೆಗೆದ. ಪರದೆಯ ಮೇಲೆ ಅವನ ಪೂರ್ತಿ ಹೆಸರು ನೋಡಿದ್ದೇ ತಡ, ಓನರ್ ಹೆಂಡತಿ ಒಳಗಿನಿಂದ ‘ನಮ್ಮ ತಂಗಿ ಮಗ ಬರ್ತಾನಂತೆ’ ಎಂದರು. ಪಾಪ, ಆ ತಂಗಿ ಮಗ ಇನ್ನೂ ಬಂದಿಲ್ಲ. ಟು-ಲೆಟ್ ಬೋರ್ಡು ಅಲ್ಲೇ ನೇತಾಡುತ್ತಿದೆ. ನಿಮಗೆ ಮನೆ ಸುಲಭಕ್ಕೆ ಸಿಗುವ ಬೀದಿ ಇನ್ನೊಬ್ಬರಿಗೆ ಮುಚ್ಚಿದ ಬೀದಿ ಆಗಿದ್ದರೆ, ನೀವು ಬಯಸಿದ ಓಣಿ ಅದಲ್ಲ. ಹಾಗಾಗಿ ಈ ಪ್ರಶ್ನೆ ಕೇಳದೆ ಅಡ್ವಾನ್ಸ್ ಕೊಡಬೇಡಿ.

ಭಾನುವಾರ ಬೆಳಿಗ್ಗೆ ಮನೆ ನೋಡಿದರೆ ಎಲ್ಲವೂ ಚೆಂದ. ವಾರದ ದಿನ ಸಂಜೆ ಆರೂವರೆ ಮೇಲೆ ಹೋಗಿ. ತರಕಾರಿ ಗಾಡಿ ಹತ್ತಿರ ಹತ್ತು ನಿಮಿಷ ನಿಂತುಕೊಳ್ಳಿ. ಗಾಡಿಯವನು ಒಬ್ಬರ ಹತ್ತಿರ ಕನ್ನಡ, ಇನ್ನೊಬ್ಬರ ಹತ್ತಿರ ತಮಿಳು, ಮತ್ತೊಬ್ಬರ ಹತ್ತಿರ ಹಿಂದಿ ಮಾತಾಡುತ್ತಿದ್ದರೆ ಸರಿ. ಕೊಳ್ಳುವವರಲ್ಲಿ ಮನೆಕೆಲಸ ಮುಗಿಸಿ ಹೊರಟವರೂ ಆಫೀಸಿನಿಂದ ಬಂದವರೂ ಒಟ್ಟಿಗೆ ಇದ್ದರೆ ಇನ್ನೂ ಸರಿ. ಪಾರ್ಕು ಇದ್ದರೆ ಬೋರ್ಡು ಓದಿ. ‘ಆಟ ಆಡಬಾರದು’ ಅಂತ ಬರೆದ ಪಾರ್ಕುಗಳು ಈ ಊರಲ್ಲಿ ಜಾಸ್ತಿ. ನಿಮ್ಮ ಮಗನಿಗೆ ಅದರಿಂದ ಪ್ರಯೋಜನ ಇಲ್ಲ.

ಆಮೇಲೆ ನೀರು. ‘ಕಾವೇರಿ ಇದೆಯಾ?’ ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು, ಸಂಪು ಎಷ್ಟು ದೊಡ್ಡದು ಅಂತ ಬಾಡಿಗೆಗೆ ಇರುವವರನ್ನೇ ಕೇಳಿ, ಓನರ್‌ನ ಅಲ್ಲ. 2024ರ ಬೇಸಿಗೆಯಲ್ಲಿ ಬೋರು ಬತ್ತಿ ಟ್ಯಾಂಕರ್‌ಗೆ ಬಾಯಿಬಿಟ್ಟು ಕೂತ ಬಡಾವಣೆಗಳು ಹೆಚ್ಚಾಗಿ ಪೂರ್ವದ ಹೊಸ ಭಾಗದವೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆ ಆಯಿತು, ಹೊರವಲಯದ 110 ಹಳ್ಳಿಗಳಿಗೆ ಅಂತ. ಆದರೆ ನಿಮ್ಮ ಮನೆಗೆ ಕನೆಕ್ಷನ್ ಆಗಿದೆಯಾ ಅನ್ನುವುದೇ ಪ್ರಶ್ನೆ.

ಮಳೆ ನೀರನ್ನೂ ನೋಡಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಐಟಿಯವರು ಟ್ರಾಕ್ಟರ್ ಹತ್ತಿ ಆಫೀಸಿಗೆ ಹೋದರು. ಮುಳುಗುವ ಬೀದಿಯನ್ನು ಬೇಸಿಗೆಯಲ್ಲೂ ಗುರುತಿಸಬಹುದು. ಗೇಟಿನ ಬುಡಕ್ಕೆ ಅಡ್ಡಲಾಗಿ ಅರ್ಧ ಅಡಿ ಇಟ್ಟಿಗೆ ಕಟ್ಟೆ ಕಟ್ಟಿ ಸಿಮೆಂಟ್ ಬಳಿದಿರುತ್ತಾರೆ. ಕರೆಂಟ್ ಮೀಟರನ್ನು ಎದೆಮಟ್ಟಕ್ಕಿಂತ ಮೇಲೆ ಸರಿಸಿರುತ್ತಾರೆ. ಸಾಲಾಗಿ ಮೂರ್ನಾಲ್ಕು ಮನೆಗೆ ಹೀಗಿದ್ದರೆ, ಬಾಡಿಗೆ ಎಷ್ಟೇ ಕಡಿಮೆ ಇರಲಿ, ಅಲ್ಲಿ ಅತ್ತೆಯವರನ್ನು ಇಳಿಸಬೇಡಿ.

ಅತ್ತೆಯವರ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಮನೆ ಆರಿಸುವಾಗ ಅವರನ್ನೇ ಮೊದಲು ಇಟ್ಟುಕೊಳ್ಳಿ ಅನ್ನುತ್ತೇನೆ. ನೀವಿಬ್ಬರೂ ಮಕ್ಕಳೂ ಹೊರಗೆ ಹೋದ ಮೇಲೆ ಹಗಲೆಲ್ಲ ಆ ಮನೆಯಲ್ಲಿ ಇರುವವರು ಅವರು. ನೆಲಮಹಡಿ ಅಥವಾ ಲಿಫ್ಟು ಇರಲಿ. ನಡೆದು ಹೋಗುವಷ್ಟು ಹತ್ತಿರ ಒಂದು ಗುಡಿ, ಒಂದು ಮೆಡಿಕಲ್ ಶಾಪ್, ಮಾತಿಗೆ ಕೂರುವ ಒಂದು ಕಟ್ಟೆ ಬೇಕು. ರಿಟೈರ್ ಆದವರು ತುಂಬಿರುವ ಈ ಕಾರ್ಖಾನೆ ಬಡಾವಣೆಗಳಲ್ಲಿ ಹಗಲು ಹೊತ್ತಲ್ಲೂ ಬೀದಿಯಲ್ಲಿ ಜನ ಇರುತ್ತಾರೆ. ವಿಜಯಪುರದ ಕನ್ನಡ ಕೇಳಿ ಶುರುವಿಗೆ ಯಾರಾದರೂ ನಗಬಹುದು. ನಗಲಿ ಬಿಡಿ. ಅವರ ಕೈ ರೊಟ್ಟಿ ತಿಂದ ಮೇಲೆ ಸುಮ್ಮನಾಗುತ್ತಾರೆ.

ಶಾಲೆ ಬಗ್ಗೆ ಚಿಕ್ಕದಾಗಿ. ಸೀಟು ಮೊದಲು, ಮನೆ ಆಮೇಲೆ. ಕನ್ನಡ ತಪ್ಪಿಹೋಗುತ್ತದೆ ಎಂಬ ಭಯ ಬೇಡ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಅದು ಮೊದಲನೇ ಅಥವಾ ಎರಡನೇ ಭಾಷೆ ಆಗಿರಲೇಬೇಕು. ಹೇಗೆ ಕಲಿಸುತ್ತಾರೆ ಅನ್ನುವುದನ್ನು ಮಾತ್ರ ಕ್ಲಾಸಿನ ಮಕ್ಕಳನ್ನೇ ಕೇಳಿ. ಸ್ಕೂಲ್ ಬಸ್ಸು ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಬಿಡುತ್ತದೆ ಅಂತಲೂ ವಿಚಾರಿಸಿ.

ದುಡ್ಡು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವುದು ಹಳೇ ರೂಢಿ. ಈಗ ಐದಾರಕ್ಕೆ ಇಳಿಯುವವರೂ ಇದ್ದಾರೆ, ಚೌಕಾಸಿ ಮಾಡಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತದೆ. ನಮ್ಮ ಓನರ್‌ಗಳು ಅದನ್ನು ಓದಿದ ಹಾಗೆ ಕಾಣುವುದಿಲ್ಲ. ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ, ಅದನ್ನು ಅಗ್ರಿಮೆಂಟಿನಲ್ಲಿ ಮೊದಲೇ ನೋಡಿಕೊಳ್ಳಿ. ಮನೆ ಕೊಳ್ಳುವ ಮಾತು ಸದ್ಯ ಬೇಡ. ಹನ್ನೊಂದು ತಿಂಗಳ ಅಗ್ರಿಮೆಂಟು ಮಾಡಿಕೊಂಡು ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲೇ ಇದ್ದು ನೋಡಿ.

ಮಗಳ ಶಾಲೆ ಯಾವುದು ಅಂತ ಗೊತ್ತಾದ ಮೇಲೆ ಇನ್ನೊಂದು ಕಾಗದ ಹಾಕಿ. ಆ ಭಾಗದಲ್ಲಿರುವ ನಮ್ಮ ಓದುಗರನ್ನು ಕೇಳಿ, ಖಾಲಿ ಇರುವ ಮನೆ ಬಗ್ಗೆ ಅವರು ಏನು ಹೇಳುತ್ತಾರೋ ನಿಮಗೆ ತಿಳಿಸುತ್ತೇನೆ.