ಒಂದೇ ಜಾಗದಲ್ಲಿ ಒಂದರ ನಂತರ ಒಂದು ಚಿತ್ರ

ಪ್ರಶ್ನೆ: ಮಾರ್ಕ್‌ಡೌನ್‌ನಲ್ಲಿ (ಸರಳ ಚಿಹ್ನೆಗಳ ಪಠ್ಯರೂಪ) ಬರೆದು ಪ್ಯಾಂಡಾಕ್ ಎಂಬ ಕಡತ ಪರಿವರ್ತಕದ ಮೂಲಕ, ಬ್ರೌಸರಿನಲ್ಲಿ ತೋರಿಸುವ ರಿವೀಲ್‌ಜೆಎಸ್ ಸ್ಲೈಡುಗಳನ್ನು ಸಿದ್ಧಪಡಿಸುತ್ತೇನೆ. ಬೀಜ ಮೊಳಕೆಯೊಡೆಯುವ ಆರು ಹಂತಗಳ ಚಿತ್ರಗಳು ಒಂದೇ ಸ್ಥಳದಲ್ಲಿ ಸರದಿಯಂತೆ ಬರಬೇಕು. ಈಗ ಒಂದರ ಕೆಳಗೊಂದು ಬಂದು ಪರದೆಯ ಹೊರಗೆ ಹೋಗುತ್ತಿವೆ. ಏನು ಮಾಡಲಿ?

ಉತ್ತರ: ರಿವೀಲ್‌ಜೆಎಸ್‌ನಲ್ಲಿ ಇದಕ್ಕೆಂದೇ 'ಆರ್-ಸ್ಟ್ಯಾಕ್' ಎಂಬ ಕ್ಲಾಸ್ (ಅಂಶದ ವರ್ತನೆ ನಿರ್ಧರಿಸುವ ಹೆಸರು) ಇದ್ದು, ಅದನ್ನು ಕೊಟ್ಟ ಡಿವ್ (ಇತರ ಅಂಶಗಳನ್ನು ಒಳಗಿಟ್ಟುಕೊಳ್ಳುವ ಚೌಕಟ್ಟು) ತನ್ನ ನೇರ ಮಕ್ಕಳನ್ನು, ಅಂದರೆ ನೇರವಾಗಿ ಒಳಗಿರುವ ಅಂಶಗಳನ್ನು ಮಾತ್ರ ಒಂದರ ಮೇಲೊಂದು ಪೇರಿಸುತ್ತದೆ. ಬಹುಮಂದಿ ಎಡವುವುದು ಇಲ್ಲಿಯೇ: ಆರೂ ಚಿತ್ರಗಳನ್ನು ಖಾಲಿ ಸಾಲು ಬಿಡದೆ ಬರೆದರೆ ಪ್ಯಾಂಡಾಕ್ ಅವನ್ನು ಒಂದೇ ಪ್ಯಾರಾ ಎಂದು ಪರಿಗಣಿಸುವುದರಿಂದ, ಪೇರಿಸಲು ಉಳಿಯುವುದು ಒಂದೇ ಮಗು. ಆದ್ದರಿಂದ ಪ್ರತಿ ಚಿತ್ರವನ್ನೂ ಪ್ರತ್ಯೇಕ ಡಿವ್‌ನಲ್ಲಿಟ್ಟು, ಆ ಡಿವ್‌ಗೆ ಹೆಜ್ಜೆ ಹೆಜ್ಜೆಯಾಗಿ ಕಾಣಿಸುವಂತೆ ಮಾಡುವ 'ಫ್ರಾಗ್ಮೆಂಟ್' ಕ್ಲಾಸ್ ಕೊಡಿ. ಚಿತ್ರಕ್ಕೇ ಕೊಟ್ಟರೆ ಅಡಿಬರಹಗಳು ಮೊದಲೇ ಕಾಣಿಸಿಕೊಂಡು ಒಂದರೊಳಗೊಂದು ಕಲಸಿಹೋಗಬಹುದು. ಹಿನ್ನೆಲೆ ಪಾರದರ್ಶಕವಾಗಿದ್ದರೆ ಹಿಂದಿನ ಚಿತ್ರ ಇಣುಕುತ್ತದೆ. ಆಗ ಕಾಣಿಸಿದ ಚಿತ್ರವನ್ನು ಮುಂದಿನ ಹೆಜ್ಜೆಗೆ ಮರೆಮಾಡುವ 'ಫೇಡ್-ಇನ್-ದೆನ್-ಔಟ್' ಕ್ಲಾಸನ್ನೂ ಸೇರಿಸಬೇಕು.

ಇಷ್ಟನ್ನು ಪ್ರತಿ ಸ್ಲೈಡಿಗೂ ಕೈಯಾರೆ ಬರೆಯುವುದು ಬೇಸರದ ಕೆಲಸ. ಪ್ಯಾಂಡಾಕ್‌ನ 2.0 ಆವೃತ್ತಿಯಿಂದ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಅದರೊಳಗೇ ಅಡಕವಾಗಿರುವುದರಿಂದ, ಗುರುತು ಹಾಕಿದ ಡಿವ್‌ನೊಳಗಿನ ಚಿತ್ರಗಳನ್ನು ಹೀಗೆ ಸುತ್ತುವ ಚಿಕ್ಕ ಫಿಲ್ಟರ್ (ಪರಿವರ್ತನೆಯ ನಡುವೆ ಪಠ್ಯವನ್ನು ಬದಲಿಸುವ ಪ್ರೋಗ್ರಾಂ) ಬರೆದುಕೊಳ್ಳುವುದೇ ಮೇಲು. ಪಿಡಿಎಫ್ ಮಾಡುವಾಗ ಪ್ರತಿ ಹಂತವೂ ಬೇರೆ ಪುಟವಾಗುತ್ತದೆ. ನಿಮ್ಮ ಸರಣಿಗೆ ಅದು ಅನುಕೂಲವೇ.