62 ಸ್ಲೈಡ್ ತೋರಿಸಿದೆ, ಹುಡುಗ ಮಷಿನ್‌ಗೆ ಕೈ ಹಾಕೇಬಿಟ್ಟ!

ಪ್ರಶ್ನೆ: ನಮಸ್ಕಾರ ರೀ ಮೇಡಂ. ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಹೊಸ ಕೆಲಸಗಾರರಿಗೆ ಟ್ರೇನಿಂಗ್ ಕೊಡಿ ಅಂತ ಮಾಲೀಕರು ಹೇಳಿದರು. ರಾತ್ರಿಯೆಲ್ಲ ಕುಳಿತು 62 ಸ್ಲೈಡ್ ಮಾಡಿದೆ, ಒಂದೊಂದನ್ನೂ ಓದಿ ವಿವರಿಸಿದೆ. ಎಲ್ಲರೂ ‘ಹೂಂ ರೀ, ತಿಳೀತು ರೀ’ ಅಂದರು. ಮರುದಿನವೇ ಒಬ್ಬ ಹುಡುಗ ಕಾಳು ಮೇಲೆತ್ತುವ ಎಲಿವೇಟರ್ ಜಾಮ್ ಆಯಿತೆಂದು, ಮಷಿನ್ ನಡೆಯುತ್ತಿರುವಾಗಲೇ ಕೈ ಹಾಕಿದ. ಪಕ್ಕದವರು ಹಿಂದಕ್ಕೆ ಎಳೆದುಕೊಂಡರು, ಪುಣ್ಯಕ್ಕೆ ಏನೂ ಆಗಲಿಲ್ಲ. ಇನ್‌ಸ್ಟ್ರಕ್ಷನಲ್ ಡಿಸೈನ್ (ಪಾಠ, ಟ್ರೇನಿಂಗ್‌ಗಳನ್ನು ಯೋಜಿಸಿ ರೂಪಿಸುವ ವಿದ್ಯೆ) ಅಂತ ಒಂದು ಕೋರ್ಸ್ ಇದೆಯಂತೆ. ಅದನ್ನು ಕಲಿತರೆ ನನ್ನ ಸ್ಲೈಡ್‌ಗಳು ಸುಧಾರಿಸುತ್ತವೆಯೇ?

ಉತ್ತರ: ಸುಧಾರಿಸುತ್ತವೋ ಇಲ್ಲವೋ, ಕಡಿಮೆಯಂತೂ ಆಗುತ್ತವೆ. ನಿಮಗೆ ಬೇಕಾಗಿರುವುದೂ ಅದೇ.

ಮೊದಲು ಆ ಹುಡುಗನನ್ನು ಕರೆದು, ಬೈಯದೆ, ಚಹಾ ಕೊಟ್ಟು ಕೇಳಿ: ‘ಯಾಕೋ ತಮ್ಮಾ, ಬಂದ್ ಮಾಡದೇ ಯಾಕ ಕೈ ಹಾಕಿದಿ?’ ‘ಗೊತ್ತಿರ್ಲಿಲ್ರೀ’ ಅಂದರೆ ಟ್ರೇನಿಂಗ್ ಬೇಕು. ‘ಬಂದ್ ಮಾಡಿದ್ರ ಲೈನೆಲ್ಲ ನಿಲ್ತದ, ಬೈತಾರ್ರೀ’ ಅಂದರೆ 62 ಅಲ್ಲ, 620 ಸ್ಲೈಡ್ ತೋರಿಸಿದರೂ ಅವನು ನಾಳೆ ಮತ್ತೆ ಕೈ ಹಾಕುತ್ತಾನೆ. ಅಲ್ಲಿ ಪಾಠ ಬೇಕಾಗಿರುವುದು ಬೈಯುವವರಿಗೆ. ಸ್ವಿಚ್ ದೂರದ ಗೋಡೆಗಿದ್ದರೆ ಪಾಠ ಬೇಡ, ಎಲೆಕ್ಟ್ರಿಷಿಯನ್ ಬೇಕು. ಅಮೆರಿಕದ ರಾಬರ್ಟ್ ಮೇಗರ್ ಅನ್ನುವ ತರಬೇತಿ ತಜ್ಞರು ಇದಕ್ಕೊಂದು ಖಡಕ್ ಪರೀಕ್ಷೆ ಹೇಳಿದ್ದರು: ಜೀವದ ಪ್ರಶ್ನೆ ಬಂದರೆ ಅವನು ಆ ಕೆಲಸ ಸರಿಯಾಗಿ ಮಾಡಬಲ್ಲನೇ? ಮಾಡಬಲ್ಲ ಅಂದರೆ ಕೊರತೆ ಕಲಿಕೆಯದ್ದಲ್ಲ. ಈ ವಿದ್ಯೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪಾಠ ಇದೇ. ಕೋರ್ಸ್ ಮಾರುವವರು ಮಾತ್ರ ಇದನ್ನು ಜಾಸ್ತಿ ಹೇಳುವುದಿಲ್ಲ.

ಈಗ ಟ್ರೇನಿಂಗೇ ಬೇಕು ಅಂತಿಟ್ಟುಕೊಳ್ಳೋಣ. ನಿಮ್ಮ ಮೊದಲ ಸ್ಲೈಡಿನಲ್ಲಿ ‘ಸುರಕ್ಷತೆಯ ಮಹತ್ವ ತಿಳಿಸುವುದು’ ಅಂತ ಇದೆ, ಅಲ್ವಾ? ನೋಡದೆಯೂ ಹೇಳಬಲ್ಲೆ. ಎಲ್ಲರ ಸ್ಲೈಡಿನಲ್ಲೂ ಅದೇ ಇರುತ್ತದೆ. ಯಾರಿಗಾದರೂ ಮಹತ್ವ ತಿಳಿಯಿತೋ ಇಲ್ಲವೋ ಅಂತ ಹೇಗೆ ನೋಡುವುದು? ಅದೇ ಮೇಗರ್ 1962ರಲ್ಲೇ ಹೇಳಿದ್ದು: ಕಲಿತವನು ಏನು ಮಾಡಬೇಕು, ಯಾವ ಸಂದರ್ಭದಲ್ಲಿ, ಎಷ್ಟು ಚೊಕ್ಕವಾಗಿ, ಈ ಮೂರನ್ನೂ ಬರೆಯಿರಿ. ನಿಮ್ಮ ಮಿಲ್ಲಿಗೆ ಅದು ಹೀಗಾಗುತ್ತದೆ: ‘ಎಲಿವೇಟರ್ ಜಾಮ್ ಆದಾಗ, ಯಾರೂ ನೆನಪಿಸದೆ, ಮೇನ್ ಸ್ವಿಚ್ ಬಂದ್ ಮಾಡಿ, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡು, ಪುಲ್ಲಿ ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಬಾಗಿಲು ತೆಗೆಯಬೇಕು.’ ಕೀಲಿ ಅವನ ಜೇಬಿನಲ್ಲೇ ಯಾಕೆ ಅಂದರೆ, ಅವನು ಒಳಗೆ ಕೈ ಹಾಕಿರುವಾಗ ಇನ್ಯಾರೋ ಬಂದು ಸ್ವಿಚ್ ಒತ್ತಬಾರದು. ಈ ಒಂದು ವಾಕ್ಯವನ್ನು ಗೋಡೆಗೆ ಅಂಟಿಸಿ. ಆಮೇಲೆ ನಿಮ್ಮ ಒಂದೊಂದು ಸ್ಲೈಡನ್ನೂ ಅದರ ಮುಂದೆ ಹಿಡಿದು ಕೇಳಿ, ‘ನೀನು ಇದಕ್ಕೆ ಏನು ಸಹಾಯ ಮಾಡ್ತೀಯಾ?’ ಮಿಲ್ ಶುರುವಾದ ಇತಿಹಾಸ, ಕಾಯ್ದೆಯ ಕಲಂಗಳು, ಮಾಲೀಕರ ಫೋಟೊ ಎಲ್ಲ ತಾವಾಗಿಯೇ ಎದ್ದು ಹೋಗುತ್ತವೆ. (ಫೋಟೊ ತೆಗೆದದ್ದಕ್ಕೆ ಮಾಲೀಕರು ಮುನಿಸಿಕೊಂಡರೆ ನನ್ನ ಹೆಸರು ಹೇಳಿ.)

ಆಮೇಲೆ ನಿಮ್ಮಲ್ಲಿರುವ ಅತಿ ಹಳೆಯ ಕೆಲಸಗಾರನ ಪಕ್ಕ ಹೋಗಿ ನಿಲ್ಲಿ. ಕೈಯಲ್ಲಿ ಫೋನ್ ಇರಲಿ, ರೆಕಾರ್ಡ್ ಆನ್ ಇರಲಿ. ಅವನನ್ನು ‘ವಿವರಿಸು’ ಅನ್ನಬೇಡಿ, ‘ಮಾಡಿ ತೋರಿಸು’ ಅನ್ನಿ. ಕೈ ಪಳಗಿದವನಿಗೆ ತಾನು ಏನೇನು ಮಾಡುತ್ತೇನೆ ಅನ್ನುವುದೇ ಮರೆತಿರುತ್ತದೆ. ಜಾಮ್ ಆಗುತ್ತಿದೆ ಅಂತ ಹೇಗೆ ತಿಳಿಯಿತು ಎಂದು ಕೇಳಿದರೆ, ‘ಸಪ್ಪಳ ಕೇಳಿದ್ರನ ಗೊತ್ತಾಗ್ತದ್ರೀ’ ಅಂದುಬಿಡುತ್ತಾನೆ. ಬಿಡಬೇಡಿ, ಅಲ್ಲೇ ಹಿಡಿಯಿರಿ. ಯಾವ ಸಪ್ಪಳ? ಮೋಟಾರಿನ ಗುಂಯ್ ಅನ್ನುವ ಸದ್ದು ಭಾರ ಆಗುತ್ತದೆ, ಬೆಲ್ಟ್ ಜಾರಿ ರಬ್ಬರ್ ಸುಟ್ಟ ವಾಸನೆ ಬರುತ್ತದೆ. ಹೊಸ ಹುಡುಗನಿಗೆ ಬೇಕಾಗಿರುವುದು ಈ ಗುಟ್ಟು. ಸರಿಯಾಗಿ ಓಡುವಾಗಿನ ಸದ್ದು, ಜಾಮ್ ಆಗುವ ಮುಂಚಿನ ಸದ್ದು, ಎರಡನ್ನೂ ಫೋನಿನಲ್ಲಿ ಹಿಡಿದುಕೊಳ್ಳಿ. ಟ್ರೇನಿಂಗಿನಲ್ಲಿ ಹಿಂದೆಮುಂದೆ ಮಾಡಿ ಕೇಳಿಸಿ, ‘ಈಗ ಏನ್ಮಾಡ್ತೀರಿ?’ ಅಂತ ಕೇಳಿ. ಕನ್ನಡ ಓದಲು ಬಾರದವರಿಗೂ, ಹಿಂದಿಯವರಿಗೂ ಇದು ತಿಳಿಯುತ್ತದೆ. ಸ್ಲೈಡ್ ತುಂಬ ಅಕ್ಷರ ಹಾಕಿ ಅದನ್ನೇ ಬಾಯಲ್ಲೂ ಓದಿದರೆ, ಕಣ್ಣು ಒಂದು ಕಡೆ, ಕಿವಿ ಒಂದು ಕಡೆ ಆಗಿ ತಲೆಗೆ ಭಾರವೇ ಜಾಸ್ತಿ. ಕಲಿಕೆಯ ಬಗ್ಗೆ ಸಂಶೋಧನೆ ಮಾಡಿದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಕಂಡುಬಂದಿದೆ.

ಕಲಿಸುವ ಕ್ರಮಕ್ಕೆ ಹೊಸದೇನೂ ಹುಡುಕಬೇಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ನುರಿತವರು ಕಡಿಮೆಯಾಗಿ ಹೊಸಬರೇ ತುಂಬಿಕೊಂಡಾಗ ಒಂದು ನಾಲ್ಕು ಹೆಜ್ಜೆಯ ಪದ್ಧತಿ ಮಾಡಿದರು. ಕಲಿಯುವವನ ಹೆದರಿಕೆ ಬಿಡಿಸು, ಮಾಡಿ ತೋರಿಸು, ಅವನಿಂದ ಮಾಡಿಸು, ಆಮೇಲೆ ಬಂದು ನೋಡು. ಮೂರನೇ ಹೆಜ್ಜೆಯಲ್ಲಿ ಅವನು ಕೈಯಿಂದ ಮಾಡುತ್ತಾ ಬಾಯಿಂದ ‘ಯಾಕೆ’ ಅನ್ನುವುದನ್ನೂ ಹೇಳಬೇಕು. ‘ತಿಳೀತು ರೀ’ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮ ಕಡೆ ಮಂದಿ ಮರ್ಯಾದೆಗೂ ಹೂಂ ಅಂತಾರೆ.

ವಾರ ಬಿಟ್ಟು ಮತ್ತೆ ಕೇಳುವುದನ್ನು ಮರೆಯಬೇಡಿ. 2006ರಲ್ಲಿ ರೋಡಿಗರ್, ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು, ಕೆಲವರು ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ನೆನಪಿನಿಂದ ಬರೆದವರು ಮುಂದೆ ಬಂದಿದ್ದರು. ಹಾಗಾಗಿ ಟ್ರೇನಿಂಗ್ ಮುಗಿದ ಕೂಡಲೇ ಮಾಡುವ ಪರೀಕ್ಷೆ ನಂಬಬೇಡಿ. ಮುಂದಿನ ವಾರ ಸುಮ್ನೆ ಮಷಿನ್ ಹತ್ತಿರ ಹೋಗಿ, ‘ಜಾಮ್ ಆಯ್ತು ಅಂತ ತಿಳ್ಕೋ, ಮಾಡಿ ತೋರಿಸು’ ಅನ್ನಿ.

ಕೋರ್ಸ್? ಮಾಡಿ, ಬೇಡ ಅನ್ನುವುದಿಲ್ಲ. ಮೊದಲು ಇದನ್ನು ಮಾಡಿ ನೋಡಿ, ಆಮೇಲೆ ಕೋರ್ಸಿನಲ್ಲಿ ಹೇಳುವುದು ಬೇಗ ಹತ್ತುತ್ತದೆ.

ಪ್ರಶ್ನೆ: ಯಾದಗಿರಿಯವಳು, ಬಿ.ಇಡಿ. ಆಗಿದೆ. ಮನೆಯಿಂದಲೇ ಇನ್‌ಸ್ಟ್ರಕ್ಷನಲ್ ಡಿಸೈನರ್ ಕೆಲಸ ಮಾಡಬಹುದು ಅಂತ ಗೆಳತಿ ಹೇಳುತ್ತಾಳೆ. ಯಾವ ಸಾಫ್ಟ್‌ವೇರ್ ಕಲಿಯಲಿ ಅಕ್ಕಾ?

ಉತ್ತರ: ತಂಗಿ, ಅರ್ಧ ವಿದ್ಯೆ ನಿನ್ನ ಹತ್ತಿರ ಆಗಲೇ ಇದೆ. ಬಿ.ಇಡಿ.ಯಲ್ಲಿ ಬೈದುಕೊಂಡು ಬರೆದ ಪಾಠಯೋಜನೆ, ಕಲಿಕೆಯ ಗುರಿಗಳನ್ನು ಹಂತ ಹಂತವಾಗಿ ವಿಂಗಡಿಸುವ 1956ರ ಬ್ಲೂಮ್ ವರ್ಗೀಕರಣ ಎಲ್ಲ ಇಲ್ಲಿಯೂ ಬರುತ್ತವೆ. ಇಂಟರ್‌ವ್ಯೂನಲ್ಲಿ ‘ಆಡಿ’ (ADDIE) ಅಂದರೇನು ಅಂತ ಖಂಡಿತ ಕೇಳುತ್ತಾರೆ. ವಿಶ್ಲೇಷಣೆ, ವಿನ್ಯಾಸ, ತಯಾರಿಕೆ, ಜಾರಿ, ಮೌಲ್ಯಮಾಪನ, ಈ ಐದರ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರ ಸೇರಿಸಿದ್ದು ಅದು. 1975ರಲ್ಲಿ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯವರು ಅಮೆರಿಕದ ಸೈನ್ಯಕ್ಕಾಗಿ ಮಾಡಿಕೊಟ್ಟ ಪದ್ಧತಿಯಿಂದ ಬೆಳೆದದ್ದು.

ಕೆಲಸದ ಜಾಹೀರಾತುಗಳಲ್ಲಿ ಆರ್ಟಿಕ್ಯುಲೇಟ್ ಸ್ಟೋರಿಲೈನ್, ಅಡೋಬಿ ಕ್ಯಾಪ್ಟಿವೇಟ್ ಎಂಬ ಆನ್‌ಲೈನ್ ಪಾಠ ತಯಾರಿಸುವ ಸಾಫ್ಟ್‌ವೇರ್‌ಗಳ ಹೆಸರು ಕಾಣುತ್ತದೆ. ಎರಡಕ್ಕೂ ದುಡ್ಡು ಕೊಡಬೇಕು. ಮೂಡಲ್, ಎಚ್‌5ಪಿ ಉಚಿತವಾಗಿ ಸಿಗುತ್ತವೆ, ಕೈ ಪಳಗಿಸಲು ಅಷ್ಟು ಸಾಕು. ಸರ್ಟಿಫಿಕೇಟ್‌ಗಿಂತ ಮಾಡಿದ ಕೆಲಸ ತೋರಿಸು. ನಿಮ್ಮ ಊರಲ್ಲೇ ವಿಷಯ ಇದೆ: ತೊಗರಿ ಗಿಡ ಅಲುಗಾಡಿಸಿ ಕಾಯಿಕೊರಕ ಹುಳು ಉದುರಿಸುವುದು ಹೇಗೆ, ಸ್ವಸಹಾಯ ಸಂಘದ ಪುಸ್ತಕದಲ್ಲಿ ಸಾಲದ ಕಂತು ಬರೆಯುವುದು ಹೇಗೆ. ಐದೈದು ನಿಮಿಷದ ಪಾಠ ಮಾಡಿ, ಸಂಘದ ಒಬ್ಬ ಅಕ್ಕನ ಕೈಗೆ ಫೋನ್ ಕೊಟ್ಟು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿರು. ಎಲ್ಲಿ ಬೆರಳು ನಿಲ್ಲುತ್ತದೋ ಅಲ್ಲಿ ತಿದ್ದಬೇಕು. ತಿದ್ದುವ ಮುಂಚಿನದು, ತಿದ್ದಿದ ಮೇಲಿನದು ಎರಡನ್ನೂ ಕಂಪನಿಯವರಿಗೆ ತೋರಿಸು. ಇನ್ನೊಂದು ಮಾತು ಮುಚ್ಚಿಡಬಾರದು: ಕಂಪನಿ ಕೆಲಸ ಹೆಚ್ಚಾಗಿ ಇಂಗ್ಲಿಷಿನಲ್ಲೇ. ದಿನಾ ಒಂದು ಪುಟವಾದರೂ ಸರಳ ಇಂಗ್ಲಿಷ್ ಬರೆಯುವ ರೂಢಿ ಮಾಡಿಕೋ.

ಪ್ರಶ್ನೆ: ಬೀದರ್‌ನಲ್ಲಿ ನಮ್ಮದು ಬಿದ್ರಿ ಕೆಲಸದ ಮನೆತನ. ಅಪ್ಪನ ಕೆಲಸವನ್ನು ವಿಡಿಯೊ ಕೋರ್ಸ್ ಮಾಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕೊನೆಯಿಂದ. ಅಚ್ಚು ಮಾಡಿ, ಸತು ತಾಮ್ರ ಕರಗಿಸಿ ಎರಕ ಹೊಯ್ಯುವುದರಿಂದ ಶುರು ಮಾಡಿದರೆ ಅರ್ಧ ಜನ ಅಲ್ಲೇ ಕೈಬಿಡುತ್ತಾರೆ. ಬೆಳ್ಳಿ ತಂತಿ ಕೂರಿಸಿದ ಸಣ್ಣ ಪದಕವೊಂದನ್ನು ಅಪ್ಪನಿಂದ ಸಿದ್ಧಮಾಡಿಸಿ ಕಲಿಯುವವರಿಗೆ ಕಳಿಸಿ. ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಲ್ಲಿ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದನ್ನು ಅವರೇ ಮಾಡಿ ನೋಡಲಿ. ಆ ಖುಷಿ ಸಿಕ್ಕ ಮೇಲೆ ತಂತಿ ಕೂರಿಸುವುದಕ್ಕೆ ಹಿಂದಕ್ಕೆ ಬನ್ನಿ, ಆಮೇಲೆ ಕೆತ್ತನೆ. ಕೆತ್ತುವ ಮುಂಚೆ ಗೆರೆ ಕಾಣಲೆಂದು ಮೈಲುತುತ್ತದ ನೀರು ಬಳಿಯುವ ಸಣ್ಣ ಹೆಜ್ಜೆ ಬಿಟ್ಟುಹೋಗದಿರಲಿ. ಅಪ್ಪನಿಗೆ ಅದು ಹೇಳುವಂಥ ವಿಷಯವೇ ಅಲ್ಲ ಅನಿಸಬಹುದು.

ಕ್ಯಾಮೆರಾ ಅಪ್ಪನ ಎದುರಿಗೆ ಬೇಡ, ಅವರ ಭುಜದ ಹಿಂದಿನಿಂದ ಹಿಡಿಯಿರಿ. ನೋಡುವವನಿಗೆ ಬಲಗೈ ಬಲಗೈಯಾಗಿಯೇ ಕಾಣಬೇಕು. ಇನ್ನು ಮಣ್ಣನ್ನು ನಾಲಿಗೆಗೆ ಹಚ್ಚಿ ಅದರ ಗುಣ ಹೇಳುವ ವಿದ್ಯೆ ಇದೆಯಲ್ಲ, ಅದನ್ನು ವಿಡಿಯೊದಲ್ಲಿ ಕಲಿಸಲು ಹೋಗಬೇಡಿ. ಅದಕ್ಕೆ ‘ಎರಡು ದಿನ ಬೀದರ್‌ಗೆ ಬನ್ನಿ’ ಅಂತ ಕರೆಯಿರಿ, ಫೀಸ್ ಬೇರೆ ಇಡಿ.